ಬೂದಿ ಖಣಿಯ ಬಾವಿ: ಮೂರನೇ ಕೊಳವೆ

ಎರಡನೇ ಕೊಳವೆಯ ನೀರೂ ಮೂರನೇ ಕೊಳವೆಯ ನೀರೂ ಒಂದೇ ಬಣ್ಣದಲ್ಲಿದ್ದವು. ಹಾಲು ಹಾಕದ ಚಹಾದ ಬಣ್ಣ.

"ಬಣ್ಣ ನೋಡಿ ಮೋಸ ಹೋಗಬ್ಯಾಡ್ರಿ," ಎಂದಳು ಗುಲ್ನಾಜ. "ಒಂದನ್ನ ಕುಡಿದ್ರ ಹೊಟ್ಟಿ ಕೆಡತೈತಿ, ಅಷ್ಟ. ಇನ್ನೊಂದನ್ನ ದಿನಾ ಕುಡಿದ್ರ ಮನಶ್ಯಾನ ಕೆಡತಾನ."

ಪಿಎಸ್‌ಐ ಶಿವಲಕ್ಷ್ಮಿ ಮೊಣಕಾಲೂರಿ ಕುಳಿತು ನೋಡಿದಳು. ಮನೆಗೆ ನೀರಿನ ಲೈನ್ ಎಳೆಯುವಂಥದೇ ಪ್ಲಾಸ್ಟಿಕ್ ಪೈಪು. ಮೊಳದುದ್ದದ ಮೂರು ತುಂಡುಗಳನ್ನು ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಲಾಗಿತ್ತು. ಪ್ರತಿಯೊಂದರ ಬುಡದಲ್ಲಿ ಸಣ್ಣ ನಳ, ನಳದ ಕೆಳಗೆ ಗಾಜಿನ ಬಾಟಲಿ. ಪೈಪಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಪಂಚರ ಸಹಿ.

ಶಿಗ್ಲಿ ಹತ್ತಿರದ ಹೊಲಮನೆಯ ತಿರಕಪ್ಪ ಒಂಬತ್ತು ದಿನ ವಾಂತಿಭೇದಿಯಲ್ಲಿ ನರಳಿ ಸತ್ತು ನಲವತ್ತೈದು ದಿನವಾಗಿತ್ತು. ಅವನ ಹೊಟ್ಟೆಯಲ್ಲೂ ಮನೆಯ ಬಾವಿಯಲ್ಲೂ ಆರ್ಸೆನಿಕ್ ಸಿಕ್ಕಿತ್ತು, ಸೊಸೆ ಸೌಂದರ್ಯಾಳೇ ಬಾವಿಗೆ ಪಾಷಾಣ ಹಾಕಿದ್ದಾಳೆಂದು ಅವನ ತಮ್ಮ ದೂರು ಕೊಟ್ಟಿದ್ದ. ಆದರೆ ಬಾವಿಯ ಮೇಲ್ಗಡೆ, ಬೂದಿ ತುಂಬಿ ಗೊಬ್ಬರ ಹರವಿ ತೋಟ ಮಾಡಿದ್ದ ಹಳೆಯ ಖಣಿಯೊಂದಿತ್ತು.

ಸೋಮವಾರದೊಳಗೆ ಬೇರೆ ದಾರಿ ಕಾಣದಿದ್ದರೆ ಸೌಂದರ್ಯಾಳನ್ನು ಬಂಧಿಸಬೇಕೆಂದು ಮೇಲಿನ ಸಾಹೇಬರು ಹೇಳಿದ್ದರು. ಇವತ್ತು ಶನಿವಾರ.

"ಮೊದಲಿಂದ ಹೇಳ್ರಿ," ಎಂದಳು ಶಿವಲಕ್ಷ್ಮಿ. "ಕೋರ್ಟಿನಾಗ ನನಗ ಹೇಳಾಕ ಬರಬೇಕು."

ಗುಲ್ನಾಜ ಬೆಟಗೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಮಣ್ಣು, ಬೂದಿ, ಗೊಬ್ಬರ ಅಂದರೆ ಊಟ ಬಿಟ್ಟು ಕೂಡುವ ಹೆಂಗಸು. ಬೆರಳಿನಿಂದ ಒಂದೊಂದೇ ಕೊಳವೆಯನ್ನು ಮುಟ್ಟುತ್ತ ಹೇಳಿದಳು.

"ಮೊದಲನೇದರಾಗ ಬರೇ ಕಲ್ಲಿದ್ದಲ ಬೂದಿ. ನೀವು ಖಣಿಯಿಂದ ತಂದಿದ್ದು. ಎರಡನೇದರಾಗ ಉಸುಕು ಮತ್ತ ಕೋಳಿಗೊಬ್ಬರ. ಮೂರನೇದರಾಗ ಬೂದಿ, ಮ್ಯಾಲ ಕೋಳಿಗೊಬ್ಬರ. ಮೂರಕ್ಕೂ ಒಂದ ನೀರು, ಒಂದ ಅಳತಿ, ಇಪ್ಪತ್ತೊಂದು ದಿನ."

"ಬಂದದ್ದೇನು?"

ಗುಲ್ನಾಜ ಕಾಗದ ಮುಂದೆ ಹಿಡಿದಳು. ಲೀಟರ್ ನೀರಿನಲ್ಲಿ ಹತ್ತು ಮೈಕ್ರೋಗ್ರಾಂವರೆಗೆ ಆರ್ಸೆನಿಕ್ ಇದ್ದರೆ ಕುಡಿಯಬಹುದು. ಬರೀ ಬೂದಿಯ ನೀರಿನಲ್ಲಿ ನಾಲ್ಕು. ಬರೀ ಗೊಬ್ಬರದ ನೀರಿನಲ್ಲಿ ಒಂದು. ಎರಡೂ ಕೂಡಿದ ಮೂರನೇ ಕೊಳವೆಯಲ್ಲಿ ನೂರಾ ತೊಂಬತ್ತು.

ಶಿವಲಕ್ಷ್ಮಿ ಆ ಸಂಖ್ಯೆಯನ್ನು ಎರಡು ಸಲ ಓದಿದಳು.

"ನಾಕು ಮತ್ತ ಒಂದು ಕೂಡಿದ್ರ ಐದಲ್ಲೇನ್ರಿ?"

"ಲೆಕ್ಕದಾಗ ಐದು. ನೆಲದಾಗ ಹಂಗ ನಡಿಯೂದಿಲ್ಲ." ಗುಲ್ನಾಜ ಸ್ಟೂಲು ಎಳೆದುಕೊಂಡಳು. "ಬೂದಿಯೊಳಗ ಕಬ್ಬಿಣದ ತುಕ್ಕಿನಂಥಾದ್ದು ಇರತೈತಿ. ಗಾಳಿ ಆಡತಿರೋತನಾ ಆ ತುಕ್ಕು ಆರ್ಸೆನಿಕ್ಕನ್ನ ಗಟ್ಟಿ ಹಿಡಕೊಂಡಿರತೈತಿ. ಮ್ಯಾಲ ಹಸಿ ಗೊಬ್ಬರ ಹಾಕಿ ನೀರು ಬಿಟ್ಟರ ಅದು ಕೊಳಿತೈತಿ. ಕೊಳಿಯುವಾಗ ಇದ್ದಬದ್ದ ಗಾಳಿ ತಿಂದು ಮುಗಸತೈತಿ."

"ನಮ್ಮ ಹಗೇವಿನಂಗ."

"ಏನ್ರಿ?"

"ಕುರ್ತಕೋಟ್ಯಾಗ ನಮ್ಮಜ್ಜ ಜೋಳ ತುಂಬೋ ಹಗೇವು ಇಟ್ಟಿದ್ದ. ನೆಲದೊಳಗಿನ ಗುಂಡಿ. ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಸ್ತಿದ್ದಿಲ್ಲ. ಮೊದಲು ಕಂದೀಲು ಬಿಡಬೇಕು. ಕಂದೀಲು ಆರಿದ್ರ ಒಳಗ ಗಾಳಿ ಇಲ್ಲ ಅಂತ."

"ಹಂಗ ಅನ್ರಿ! ಖಣಿ ಈಗ ಕಂದೀಲು ಆರಿದ ಹಗೇವು." ಗುಲ್ನಾಜಳ ಮುಖ ಅರಳಿತು. "ಗಾಳಿ ಇಲ್ಲದಾಗ ತುಕ್ಕು ಕರಗತೈತಿ. ಹಿಡಕೊಂಡಿದ್ದ ಕೈ ಬಿಡತೈತಿ. ಆರ್ಸೆನಿಕ್ ನೀರಿನ ಜೋಡಿ ಕೆಳಗ ಇಳೀತೈತಿ."

"ಅಂದ್ರ ಬೂದಿಗೆ ಗೊಬ್ಬರ ಹಾಕೂದ ತಪ್ಪು?"

"ಅಷ್ಟು ಸರಳ ಇಲ್ರಿ. ಇಲ್ಲಿ ನೋಡ್ರಿ, ಕ್ರೋಮಿಯಂ, ಅದೂ ವಿಷಾನ. ಬರೇ ಬೂದಿ ಎಪ್ಪತ್ತು ಬಿಟ್ಟೈತಿ. ಗೊಬ್ಬರ ಹಾಕಿದಲ್ಲಿ ಎರಡಕ್ಕಿಂತ ಕಡಿಮಿ. ಅದನ್ನ ಗೊಬ್ಬರ ಹಿಡಕೊಂಡೈತಿ, ಆರ್ಸೆನಿಕ್ಕನ್ನ ಬಿಟ್ಟೈತಿ. ಪೂರಾ ಕಳಿತ ಗೊಬ್ಬರ ಆಗಿದ್ರ ಹೆಂಗಿರತಿತ್ತೋ ನಾ ಪರೀಕ್ಷಾ ಮಾಡಿಲ್ಲ. ಮಾಡದ್ದನ್ನ ಹೇಳೂದಿಲ್ಲ."

ಈ ಮಾತಿಗಾಗಿಯೇ ಶಿವಲಕ್ಷ್ಮಿಗೆ ಅವಳ ಮೇಲೆ ಭರವಸೆ ಇತ್ತು.

"ನನಗ ಒಂದ ಪ್ರಶ್ನಿ," ಎಂದಳು. "ತಿರಕಪ್ಪನ ಬಾವ್ಯಾಗಿನ ಆರ್ಸೆನಿಕ್ ಈ ಖಣಿಯಿಂದ ಬಂತೋ, ಯಾರರೆ ಕೈಯಾರೆ ಹಾಕಿದ್ರೋ?"

ಗುಲ್ನಾಜ ಎರಡನೇ ಕಾಗದವನ್ನು ಮೊದಲನೆಯದರ ಪಕ್ಕ ಇಟ್ಟಳು. ಅದು ಬಾವಿಯ ನೀರಿನ ಪರೀಕ್ಷೆ. ಆರ್ಸೆನಿಕ್ ನೂರಾ ಅರವತ್ತು. ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಕರಗಿದ ಕಬ್ಬಿಣ ವಿಪರೀತ. ಅದರ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದ ಇನ್ನೊಂದು ಹೆಸರು: ಬೋರಾನ್.

"ಬೋರಾನ್ ಅಂದ್ರ ಕಲ್ಲಿದ್ದಲ ಬೂದಿಯ ಹೆಜ್ಜಿ ಗುರುತು. ನಿಮ್ಮ ಕಡೆ ಕರಿನೆಲದ ಬಾವ್ಯಾಗ ಇಷ್ಟು ಇರೂದಿಲ್ಲ. ಇಲಿಪಾಷಾಣ ತಂದು ಬಾವಿಗೆ ಸುರಿದಾಕಿ ಅದರ ಜೋಡಿ ಬೋರಾನೂ ಕಬ್ಬಿಣಾನೂ ಅಳತಿ ಹಚ್ಚಿ ಸುರೀತಾಳೇನ್ರಿ?"

ಶಿವಲಕ್ಷ್ಮಿ ಎದ್ದು ನಿಂತಳು. ಮೊಣಕಾಲು ಹಿಡಿದುಕೊಂಡಿದ್ದವು, ಆದರೂ ಮೈ ಹಗುರಾದಂತೆ ಅನಿಸಿತು. ಮೂರು ವಾರದಿಂದ ಸೌಂದರ್ಯಾಳ ಮನೆಗೆ ಹೋದಾಗಲೆಲ್ಲ ಆ ಹುಡುಗಿ ಬಾಗಿಲಲ್ಲಿ ನಿಂತು, "ಇವತ್ತ ಕರಕೊಂಡು ಹೋಗತೀರೇನ್ರಿ ಮೇಡಂ?" ಎಂದು ಕೇಳುತ್ತಿದ್ದಳು. ಅಳುತ್ತಿರಲಿಲ್ಲ. ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ ಹಾಗೆ ಕೇಳುತ್ತಿದ್ದಳು.

"ಇದನ್ನ ಬರದು ಸಹಿ ಮಾಡಿ ಕೊಡ್ರಿ," ಎಂದಳು.

"ಬರದ ಇಟ್ಟೇನಿ."

---

ಮುಳಗುಂದ ದಾಟುವ ಹೊತ್ತಿಗೆ ಹನ್ನೊಂದು ಗಂಟೆ. ರಸ್ತೆಯ ಎರಡೂ ಬದಿ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಕಾನ್‌ಸ್ಟೇಬಲ್ ಮಾಳಿಂಗರಾಯ ಜೀಪು ನಡೆಸುತ್ತ ಕೇಳಿದ.

"ಹಂಗಾರ ಅಂದಾನಪ್ಪ ಸಾವಕಾರ್ರನ್ನ ಹಿಡಿಯೂದು ಅಂದಂಗಾತು, ಹೌದಲ್ರಿ ಮೇಡಂ?"

"ಹಿಡಿಯೂದು ಆಮ್ಯಾಲ. ಮೊದಲು ಮಾತಾಡೂದು."

ಅಂದಾನಪ್ಪ ಗದಗಿನ ಮೆಣಸಿನಕಾಯಿ ವ್ಯಾಪಾರಿ. ಶಿಗ್ಲಿ ಕಡೆ ಪಿತ್ರಾರ್ಜಿತ ಜಮೀನು, ಅದರ ನಡುವೆ ಹಳೆಯ ಕಲ್ಲಿನ ಖಣಿ. ಎರಡು ವರ್ಷದ ಹಿಂದೆ ಆ ಖಣಿಗೆ ಹೊರ ಜಿಲ್ಲೆಯಿಂದ ಟಿಪ್ಪರುಗಟ್ಟಲೆ ಕಲ್ಲಿದ್ದಲ ಬೂದಿ ತರಿಸಿ ತುಂಬಿಸಿದ್ದ. ಈಗ ಅಲ್ಲಿ ಖಣಿ ಇತ್ತೆಂದು ಹೇಳಿದರೂ ಹೊಸಬರು ನಂಬುವಂತಿರಲಿಲ್ಲ. ನಾಲ್ಕು ಎಕರೆ ಪೇರಲ ತೋಟ, ಸಾಲುಸಾಲಿಗೆ ಹನಿ ನೀರಾವರಿಯ ಪೈಪು. ತೋಟದ ಬದುವಿನಾಚೆ ಇನ್ನೂರು ಹೆಜ್ಜೆ ಇಳಿಜಾರು ಇಳಿದರೆ ತಿರಕಪ್ಪನ ಬಾವಿ.

ಅಂದಾನಪ್ಪ ತೋಟದ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿ ಕುಳಿತಿದ್ದ. ಅರವತ್ತರ ಮೇಲಿನ ವಯಸ್ಸು, ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ಶಿವಲಕ್ಷ್ಮಿಯನ್ನು ಕಂಡು ಎದ್ದ.

"ಬರ್ರಿ ಮೇಡಮ್ಮಾರ, ಕುಂಡ್ರಿ. ಹಣ್ಣು ತಗೋರಿ. ಇವತ್ತ ಹರದದ್ದು."

ತಟ್ಟೆಯಲ್ಲಿ ಪೇರಲಹಣ್ಣು ಹೋಳು ಮಾಡಿ ಉಪ್ಪು-ಖಾರ ಉದುರಿಸಿ ಇಟ್ಟಿತ್ತು. ಶಿವಲಕ್ಷ್ಮಿ ಕುಳಿತಳು. ತಟ್ಟೆ ಮುಟ್ಟಲಿಲ್ಲ.

"ಸಾವಕಾರ್ರ, ನಿಮ್ಮ ಬೂದಿ ಪರೀಕ್ಷಾ ಮಾಡಿಸಿದ ಸರ್ಟಿಫಿಕೇಟ್ ಮತ್ತೊಮ್ಮೆ ತೋರಸ್ರಿ."

"ಯಾಕಾಗವಲ್ಲದು!" ಅವನು ಶೆಡ್ಡಿನೊಳಗೆ ಹೋಗಿ, ಪ್ಲಾಸ್ಟಿಕ್ ಹಾಳೆಯೊಳಗೆ ಅಂಟಿಸಿ ಭದ್ರವಾಗಿ ಇಟ್ಟಿದ್ದ ಕಾಗದ ತಂದ. "ಆರ್ಸೆನಿಕ್ ಮಿತಿಯೊಳಗ ಐತಿ ಅಂತ ಬರದಾರ. ನಾ ಬರದದ್ದಲ್ಲ, ನಾ ಬರೆಸಿದ್ದೂ ಅಲ್ಲ. ನಾಕು ಸಲ ಪರೀಕ್ಷಾ ಮಾಡ್ಯಾರ."

"ನಂಬತೇನಿ. ನಾವು ಮಾಡಿಸಿದಾಗೂ ಮಿತಿಯೊಳಗ ಬಂತು."

ಅಂದಾನಪ್ಪನ ಹೆಗಲು ಇಳಿಯಿತು. "ಅದನ್ನ ನಾ ಬಡಕೊಳ್ಳಾಕ ಹತ್ತಿದ್ದು. ಆ ಹುಡಿಗಿನ ಏನರೆ ಮಾಡ್ಯಾಳ—"

"ಈ ಕಾಗದದ ಮ್ಯಾಲ ಇರೋ ತಾರೀಖಿಗೆ ತೋಟ ಇತ್ತೇನ್ರಿ?"

ಅವನು ಕಾಗದ ನೋಡಿದ. "ಇದ್ದಿದ್ದಿಲ್ಲ. ಅವಾಗ ಬರೇ ಬೂದಿ."

"ಗೊಬ್ಬರ ಯಾವಾಗ ಹಾಕಿಸಿದಿರಿ?"

"ಒಂದೂವರಿ ವರ್ಷ ಆತು. ಮುನ್ನೂರು ಟ್ರೇಲರ್. ಬರೇ ಬೂದಿ ಬಿಟ್ಟಾಗ ಗಾಳಿಗೆ ಹಾರಿ ಶಿಗ್ಲಿ ಮಂದಿ ಕಣ್ಣಾಗ ಬೀಳತಿತ್ತು. ಪಂಚಾಯ್ತ್ಯಾಗ ನನ್ನ ನಿಲ್ಲಿಸಿ ಬೈದ್ರು. ಮುಚ್ಚರಿ, ಹಸರು ಮಾಡ್ರಿ ಅಂದ್ರು. ಕೋಳಿಫಾರ್ಮಿನ ಗೊಬ್ಬರ ತರಿಸಿ ನಾಕು ಬೆರಳು ದಪ್ಪ ಹಾಕಿಸಿದೆ. ಗಿಡ ನೋಡ್ರಿ, ಹೆಂಗ ಬಂದಾವ. ಮಂದಿ ಕಣ್ಣಿಗೆ ಮಣ್ಣೆರಚಲಿಲ್ಲ ನಾನು, ಬಿದ್ದ ಬೂದಿ ತಗದೆ. ತಪ್ಪಾತೇನು?"

"ಗೊಬ್ಬರ ಕಳಿತಿತ್ತೋ, ಹಸಿ ಇತ್ತೋ?"

"ಹಸಿ. ಜಲ್ದಿ ಮುಚ್ಚಬೇಕಾಗಿತ್ತು."

"ಅದಾದ ಮ್ಯಾಲ ನೀರಿನ ಪರೀಕ್ಷಾ?"

ಅಂದಾನಪ್ಪ ಗಿಡಗಳ ಕಡೆ ತಿರುಗಿದ. ಹನಿ ಪೈಪಿನಿಂದ ಪೇರಲದ ಬುಡಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

ಶಿವಲಕ್ಷ್ಮಿ ಗುಲ್ನಾಜಳ ಕಾಗದವನ್ನು ಅವನ ಸರ್ಟಿಫಿಕೇಟಿನ ಮೇಲಿಟ್ಟಳು. ಹೆಚ್ಚು ಮಾತಾಡದೆ ಮೂರು ಸಂಖ್ಯೆಗಳನ್ನು ಬೆರಳಿಟ್ಟು ತೋರಿಸಿದಳು. ಬೂದಿ, ನಾಲ್ಕು. ಗೊಬ್ಬರ, ಒಂದು. ಎರಡೂ, ನೂರಾ ತೊಂಬತ್ತು.

ವ್ಯಾಪಾರಿಯ ಕಣ್ಣು ಸಂಖ್ಯೆಗಳನ್ನು ಬೇಗ ಓದುತ್ತದೆ. ಅಂದಾನಪ್ಪನ ಕಣ್ಣು ಮೂರನೆಯದರ ಮೇಲೆ ನಿಂತಿತು, ಅಲ್ಲಿಂದ ತಟ್ಟೆಯ ಮೇಲಿನ ಹಣ್ಣಿಗೆ ಹೋಯಿತು.

"ಇದರಾಗೂ ಐತೇನ್ರಿ? ಮಮ್ಮಕ್ಕಳು ದಿನಾ ತಿಂತಾವ."

"ಗೊತ್ತಿಲ್ಲ. ಪರೀಕ್ಷಾ ಮಾಡಿಸೋತನಾ ತಿನ್ನಬ್ಯಾಡ್ರಿ, ಮಾರಬ್ಯಾಡ್ರಿ. ನೀರು ಬಂದ್ ಮಾಡ್ರಿ."

ಅಂದಾನಪ್ಪ ತಾನೇ ಎದ್ದು ಹೋಗಿ ಮೋಟಾರಿನ ಗುಂಡಿ ಒತ್ತಿದ. ಮೋಟಾರಿನ ಸದ್ದು ನಿಂತಿತು. ಹಿಂತಿರುಗಿ ಬಂದಾಗ ಅವನು ಕುರ್ಚಿಯಲ್ಲಿ ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಂತ.

"ಮೇಡಮ್ಮಾರ, ಒಂದು ಮಾತು ನಿಮಗ ಹೇಳಿದ್ದಿಲ್ಲ."

"ಹೇಳ್ರಿ."

"ಆ ಗೊಬ್ಬರ ಏರಿಸಿ ತಂದು ಹರವಿದಾಂವ ತಿರಕಪ್ಪನ. ಟ್ರ್ಯಾಕ್ಟರ್ ಅವಂದ. ಮುನ್ನೂರು ಟ್ರೇಲರ್ ಅಂವ ಒಬ್ಬನ ಹೊಡದ."

ಇದು ಹೊಸದು. ಶಿವಲಕ್ಷ್ಮಿ ಡೈರಿ ತೆಗೆದಳು, ಆದರೆ ಬರೆಯಲಿಲ್ಲ. ಬರೆಯಲು ಶುರು ಮಾಡಿದರೆ ಮಾತಾಡುವವರು ನಿಲ್ಲಿಸುತ್ತಾರೆ ಎಂಬುದು ಅವಳ ಹದಿನಾಲ್ಕು ವರ್ಷದ ಅನುಭವ.

"ನಾಗರ ಪಂಚಮಿ ಆದ ಎರಡನೇ ದಿನ ಗದಗಿನ ನನ್ನ ಅಂಗಡಿಗೆ ಬಂದ," ಎಂದ ಅಂದಾನಪ್ಪ. "ಗಿರಾಕಿ ಇದ್ರು. ಮಾತಾಡಲಿಲ್ಲ. ಚೀಲದಾಗಿಂದ ಒಂದು ಬಾಟ್ಲಿ ತಗದು ಗಲ್ಲಾಪೆಟಗಿ ಮ್ಯಾಲ ಇಟ್ಟ. ನೀರು ಕೆಂಚಗಿತ್ತು. ನಮ್ಮ ಬಾವಿದು, ಎಮ್ಮಿ ಮೂಸಿ ಮೂತಿ ತಿರುವತಾವ, ನೀ ಕುಡಿ ಅಂದ."

"ನೀವು ಕುಡಿದಿರೇನು?"

"ಇಲ್ರಿ."

"ಯಾಕ?"

ಅಂದಾನಪ್ಪ ತುಟಿ ಒದ್ದೆ ಮಾಡಿಕೊಂಡ. "ಅಂಜಿಕಿ ಬಂತು. ಖರೆ ಹೇಳತೇನಿ, ವಾಸನಿ ನೋಡಿನ ಅಂಜಿಕಿ ಬಂತು. ಗೊಬ್ಬರದ್ದಿರಬೇಕು, ಮಳಿ ಮುಗೀಲಿ, ಏನರೆ ದಾರಿ ಮಾಡೋಣು, ಅಲ್ಲಿಮಟ ಯಾರ ಮುಂದೂ ಆಡಬ್ಯಾಡ ಅಂದೆ."

"ಅಂವ ಏನಂದ?"

"ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಾಟ್ಲಿ ಅಲ್ಲೇ ಬಿಟ್ಟು ಎದ್ದು ಹ್ವಾದ. ಆಮ್ಯಾಲ ನನ್ನ ಕಡೆ ಬರಲೇ ಇಲ್ಲ. ನಾನೂ ಅವನ ಮನಿ ಕಡೆ ಹೋಗಲಿಲ್ಲ. ಮಾರಿ ತೋರಸಾಕ ಆಗಲಿಲ್ಲ."

"ನಾಕು ತಿಂಗಳು ಆ ಮನಿ ಮಂದಿ ಅದ ನೀರು ಕುಡಿದ್ರು, ಸಾವಕಾರ್ರ. ಐದು ವರ್ಷದ ಕೂಸು ಕುಡೀತು."

"ಗೊತ್ತೈತ್ರಿ." ಅವನ ಧ್ವನಿ ತಗ್ಗಿತು. "ತಿರಕಪ್ಪ ಮನ್ಯಾಗ ಹೇಳಿರತಾನ ಅನ್ಕೊಂಡೆ. ತನ್ನ ಹೆಂಡ್ರು ಮಕ್ಕಳಿಗರೆ ಹೇಳದ ಇರತಾನೇನು?"

ಶಿವಲಕ್ಷ್ಮಿ ಈಗ ಡೈರಿಯಲ್ಲಿ ಬರೆದಳು. ಬರೆಯುವಾಗ ಹಿಂದಿನ ಒಂದು ಪುಟ ತಿರುವಿ ನೋಡಿದಳು. ನೆರೆಹೊರೆಯವರ ಹೇಳಿಕೆ. ದಸರೆಯ ಮರುವಾರ ಸೌಂದರ್ಯಾ ಮಾವನೊಂದಿಗೆ ದೊಡ್ಡ ದನಿಯಲ್ಲಿ ಜಗಳವಾಡಿದ್ದಳು. ಹೊಲಮನೆ ಬಿಟ್ಟು ಊರೊಳಗೆ ಹೋಗೋಣ, ನೀರು ನಾರುತ್ತದೆ ಎಂದಿದ್ದಳು. ಗಂಡ ಹೊನ್ನೇಶ ಕಟಾವು ಯಂತ್ರದ ಜೊತೆ ತೆಲಂಗಾಣದಲ್ಲಿದ್ದ. ಮಾವ ಹೇಳಿದ್ದು ಒಂದೇ ಮಾತು: ನಮ್ಮ ಬಾವಿ ನೀರು ಅಮೃತ.

ಗೊತ್ತಿದ್ದೂ ಹೇಳಿದ್ದ.

---

ಜೀಪು ಹತ್ತುವಾಗ ಮಾಳಿಂಗರಾಯ ಫೋನು ಮುಂದೆ ಚಾಚಿದ.

"ಮೇಡಂ, ಕೂದಲಿನ ರಿಪೋರ್ಟ್ ಬಂತು. ಠಾಣಾದಿಂದ ಕಳಿಸ್ಯಾರ."

ತಿರಕಪ್ಪನ ಮನೆಯ ನಾಲ್ವರ ಕೂದಲನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ ತಿಂಗಳ ಮೇಲಾಗಿತ್ತು. ಸತ್ತವನದನ್ನು ಶವಪರೀಕ್ಷೆಯ ವೇಳೆ ತೆಗೆದಿಟ್ಟಿದ್ದರು. ಕೂದಲು ತಿಂಗಳಿಗೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೈಯೊಳಗೆ ಹೋದ ಆರ್ಸೆನಿಕ್ ಅದರಲ್ಲಿ ಕೂತುಬಿಡುತ್ತದೆ. ಕೂದಲನ್ನು ತುಂಡು ತುಂಡು ಮಾಡಿ ಪರೀಕ್ಷಿಸಿದರೆ ಯಾವ ತಿಂಗಳು ಎಷ್ಟು ಒಳಹೋಯಿತೆಂದು ಓದಬಹುದು.

ಹೆಂಡತಿ ಮುದುಕವ್ವ: ಬುಡದಿಂದ ತುದಿವರೆಗೆ ಆರ್ಸೆನಿಕ್. ಸೊಸೆ ಸೌಂದರ್ಯಾ: ಬುಡದಿಂದ ತುದಿವರೆಗೆ. ಮೊಮ್ಮಗಳು: ಹಾಗೆಯೇ, ತುಸು ಹೆಚ್ಚು. ಬಾವಿಯ ನೀರು ಕುಡಿದವರ ಕೂದಲು ಹೇಗಿರಬೇಕೋ ಹಾಗೇ ಇತ್ತು.

ತಿರಕಪ್ಪನ ಕೂದಲು ನಾಲ್ಕು ಸೆಂಟಿಮೀಟರ್. ತುದಿ ಶುದ್ಧ. ನಡು ಶುದ್ಧ. ನಾಲ್ಕು ತಿಂಗಳ ಕೂದಲಿನಲ್ಲಿ ಊರಿನ ಯಾವುದೇ ಮನುಷ್ಯನಲ್ಲಿ ಇರುವಷ್ಟೇ. ಬುಡದ ಕೆಲವೇ ಮಿಲಿಮೀಟರಿನಲ್ಲಿ ಮಾತ್ರ, ಉಳಿದ ಮೂವರದನ್ನು ಕೂಡಿಸಿದರೂ ಸಾಟಿಯಾಗದಷ್ಟು.

ಶಿವಲಕ್ಷ್ಮಿ ಮೊದಲಿನಿಂದ ಮತ್ತೊಮ್ಮೆ ಓದಿ ಫೋನನ್ನು ತೊಡೆಯ ಮೇಲಿಟ್ಟುಕೊಂಡಳು.

"ಏನಾತ್ರಿ ಮೇಡಂ?"

"ಬಾವಿ ನೀರು ಕುಡಿದ ಮೂರು ಮಂದಿ ಬದುಕ್ಯಾರ, ಮಾಳಿಂಗರಾಯ. ಅದನ್ನ ಕುಡೀಲಾರದ ಒಬ್ಬನ ಸತ್ತಾನ."

ಮಾಳಿಂಗರಾಯ ಕೀಲಿ ತಿರುವುವುದನ್ನು ಮರೆತ.

ಬಾವಿ ಆ ಮನೆಯವರನ್ನೆಲ್ಲ ನಿಧಾನವಾಗಿ ಕೆಡಿಸುತ್ತಿತ್ತು, ಅದು ಖರೆ. ಅದಕ್ಕೆ ಖಣಿಯೇ ಕಾರಣ, ಅದೂ ಖರೆ. ಆದರೆ ತಿರಕಪ್ಪನನ್ನು ಕೊಂದದ್ದು ಬಾವಿಯಲ್ಲ. ಸಾಯುವ ಎರಡು ವಾರದೊಳಗೆ ಅವನ ಬಾಯಿಗೆ ಬೇರೆಲ್ಲಿಂದಲೋ ಒಮ್ಮೆಲೇ ಬಿದ್ದಿತ್ತು. ನಾಲ್ಕು ತಿಂಗಳು ಅವನು ಬೇರೆ ನೀರು ಕುಡಿಯುತ್ತಿದ್ದ. ಯಾವ ನೀರು? ಯಾರು ತಂದುಕೊಡುತ್ತಿದ್ದರು?

ನಲವತ್ತೈದು ದಿನದಲ್ಲಿ ಈ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಿರಲಿಲ್ಲ. ಎಲ್ಲರ ಕಣ್ಣೂ ಬಾವಿಯ ಮೇಲೇ ಇದ್ದವು. ತನ್ನದೂ.

---

ಹೊಲಮನೆಯ ಬಾವಿಗೆ ಮುಳ್ಳುಕಂಟಿ ಮುಚ್ಚಿತ್ತು. ಅಂಗಳದಲ್ಲಿ ಪಂಚಾಯ್ತಿಯವರು ಇಳಿಸಿದ್ದ ನೀರಿನ ಕಪ್ಪು ಟಾಕಿ. ಮುದುಕವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಪಾದ ಜುಮ್ಮೆನ್ನುವುದರಿಂದ ಅವಳಿಗೆ ಮಡಚಿ ಕೂರಲು ಆಗುತ್ತಿರಲಿಲ್ಲ. ಮೊಮ್ಮಗಳು ಶಾಲೆಗೆ ಹೋಗಿತ್ತು.

ಸೌಂದರ್ಯಾ ಎಮ್ಮೆಗೆ ಕಣಿಕೆ ಹಾಕಿ ಕೈ ಝಾಡಿಸುತ್ತ ಬಂದಳು. ಇಪ್ಪತ್ತಾರರ ತೆಳ್ಳನೆಯ ಹೆಂಗಸು.

"ಇವತ್ತ ಕರಕೊಂಡು ಹೋಗತೀರೇನ್ರಿ ಮೇಡಂ?"

"ಇಲ್ಲ," ಎಂದಳು ಶಿವಲಕ್ಷ್ಮಿ. ಹೇಳಲು ಬಂದಿದ್ದ ಸಿಹಿ ಸುದ್ದಿ ಈಗ ಪೂರ್ತಿ ಸಿಹಿಯಾಗಿ ಉಳಿದಿರಲಿಲ್ಲ. ಆದರೂ ಅರ್ಧ ಹೇಳಿದಳು. "ಬಾವಿಗೆ ಯಾರೂ ಏನೂ ಹಾಕಿಲ್ಲ. ಖಣಿಯಿಂದ ಇಳದು ಬಂದೈತಿ. ಅದು ಖಾತ್ರಿ ಆತು."

ಸೌಂದರ್ಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಷ್ಟು ದಿನ ಅಳದವಳ ಕಣ್ಣು ತುಂಬಿ ಬಂತು. "ಕೇಳಿದ್ರೇನ್ರಿ ಅತ್ತಿ?" ಎಂದಳು. ಮುದುಕವ್ವ ತಲೆ ಎತ್ತಿ ಸೊಸೆಯನ್ನು ನೋಡಿದಳು, ಸೆರಗಿನಿಂದ ಮೂಗೊರೆಸಿಕೊಂಡಳು.

"ಒಂದು ಕೇಳಬೇಕಾಗೈತಿ," ಎಂದಳು ಶಿವಲಕ್ಷ್ಮಿ. "ನಿಮ್ಮ ಮಾವ ಕುಡಿಯೋ ನೀರು ಬ್ಯಾರೆ ಇತ್ತೇನು?"

"ಹೌದ್ರಿ." ಸೌಂದರ್ಯಾ ಕಣ್ಣೊರೆಸಿಕೊಂಡು ಸಲೀಸಾಗಿ ಹೇಳಿದಳು. "ಶ್ರಾವಣದಿಂದ ಶುರು ಮಾಡಿದ್ರು. ಕಿಡ್ನ್ಯಾಗ ಹರಳು ಆಗ್ಯಾವ, ಡಾಕ್ಟರು ಫಿಲ್ಟರ್ ನೀರು ಕುಡಿ ಅಂದಾರ ಅಂದ್ರು. ಕೂಸನ್ನ ಶಾಲಿಗೆ ಬಿಡಾಕ ಸ್ಕೂಟಿ ಮ್ಯಾಲ ಶಿಗ್ಲಿಗೆ ಹೋಗತೇನಲ್ರಿ, ಬರುವಾಗ ಒಂದು ಕ್ಯಾನ್ ತುಂಬಿಸಿಕೊಂಡು ಬರತಿದ್ದೆ. ಕೊಟ್ಟಗಿ ಮಾಡದಾಗ ಇಟ್ಟು ಅವರೊಬ್ಬರ ಕುಡೀತಿದ್ರು."

"ಎಲ್ಲಾರಿಗೂ ಯಾಕ ತರಲಿಲ್ಲ?"

"ತರತೇನಿ ಅಂದ್ನಿ. ನಿಮಗೇನು ಹರಳು ಆಗ್ಯಾವೇನು, ಸುಮ್ನಿರು ಅಂದ್ರು."

"ಇದನ್ನ ನನಗ ಯಾಕ ಹೇಳಿದ್ದಿಲ್ಲ?"

"ನೀವು ಬಾವಿ ಕೇಳಿದ್ರಿ, ರೊಟ್ಟಿ ಕೇಳಿದ್ರಿ, ಪಲ್ಲೆ ಕೇಳಿದ್ರಿ. ಕ್ಯಾನಿನ ಸುದ್ದಿ ಯಾರೂ ಕೇಳಲಿಲ್ರಿ."

ಮೆಣಸಿನಕಾಯಿಯ ತೊಟ್ಟು ಮುರಿಯುವ ಸಣ್ಣ ಸದ್ದು ನಿಂತಿತ್ತು. ಶಿವಲಕ್ಷ್ಮಿ ಅದನ್ನು ಗಮನಿಸಿದಳು, ಆದರೆ ಕಣ್ಣು ಸೌಂದರ್ಯಾಳ ಮೇಲಿಂದ ತೆಗೆಯಲಿಲ್ಲ.

"ಅವರು ಮಲಗಿದ್ದು ದೀಪಾವಳಿ ಆಗಿ ತಿಂಗಳಿಗೆ, ಛಟ್ಟಿ ಅಮಾಸಿ ಮರುದಿನ. ಅದರ ಹಿಂದಿನ ಕ್ಯಾನ್ ತುಂಬಿದವರು ಯಾರು?"

"ನಾನ ರಿ. ಮತ್ತ್ಯಾರು ತುಂಬತಾರ? ಅಮಾಸಿ ದಿನ ಮುಂಜಾನಿ—"

ಹೇಳುತ್ತ ಹೇಳುತ್ತ ಸೌಂದರ್ಯಾಳ ಮಾತು ನಿಂತಿತು. ಶಿವಲಕ್ಷ್ಮಿಯ ಮುಖವನ್ನೂ ಮಾಳಿಂಗರಾಯನ ಮುಖವನ್ನೂ ನೋಡಿದಳು. ಕೇಳಿದ್ದೇನು, ತಾನು ಹೇಳಿದ್ದೇನು ಎಂಬುದು ಅವಳ ಕಣ್ಣಿನಲ್ಲಿ ನಿಧಾನವಾಗಿ ಇಳಿಯಿತು.

"ಆ ಕ್ಯಾನ್ ಈಗ ಎಲ್ಲೈತಿ?"

"ಗೊತ್ತಿಲ್ರಿ. ದವಾಖಾನಿಯಿಂದ ಬಂದ ಮ್ಯಾಲ ನೋಡಿಲ್ಲ."

"ಅಕಿನ್ನ ಬಿಡ್ರಿ ಮೇಡಂ."

ಮುದುಕವ್ವನ ದನಿ ಏರಿರಲಿಲ್ಲ. ಮೊರದೊಳಗಿನ ಕೆಂಪು ಕಾಯಿಗಳನ್ನು ಒಂದು ಬದಿಗೆ ಸರಿಸುತ್ತ ಹೇಳಿದಳು.

"ಅಕಿ ತಂದ ನೀರು ಅಕಿ ಇಟ್ಟಲ್ಲೇ ಇತ್ತು. ಅದನ್ನ ಚೆಲ್ಲಿ, ಮತ್ತ ತುಂಬಿದಾಕಿ ನಾನು. ಆ ಕ್ಯಾನ್ ಸುಟ್ಟಾಕಿನೂ ನಾನು. ನನ್ನ ಗಂಡಗ ಹರಳು ಇದ್ದಿದ್ದಿಲ್ಲ. ಅದು ನನಗ ದೀಪಾವಳಿ ಮುಂದ ಗೊತ್ತಾತು. ತನಗ ಬ್ಯಾರೆ ನೀರು, ಹೆಂಡ್ತಿಗೆ ಮಮ್ಮಗಳಿಗೆ ಆ ನೀರು. ಬರಕೊಳ್ರಿ."

ಮಾಳಿಂಗರಾಯ ಪೆನ್ನು ತೆಗೆದ. ಶಿವಲಕ್ಷ್ಮಿ ಕಣ್ಣಿನಲ್ಲೇ ತಡೆದಳು.

"ಯಾವ ದಿನ ತುಂಬಿದಿರಿ, ಅವ್ವಾರ?"

"ಅಮಾಸಿ ದಿನ. ಇಳಿಹೊತ್ತಿನಾಗ."

"ಅತ್ತಿ," ಎಂದಳು ಸೌಂದರ್ಯಾ. ಬಾಯಿಂದ ಬಂದದ್ದು ಉಸಿರಷ್ಟೇ. "ಅಮಾಸಿಗೆ ನೀವು ಬಿಂಕದಕಟ್ಟಿಗೆ ನಿಮ್ಮ ಅಕ್ಕನ ಮನಿಗೆ ಹೋಗಿದ್ರಿ. ಮೂರು ದಿನ ಅಲ್ಲೇ ಇದ್ರಿ. ಇಲ್ಲಿ ಮಾವ, ಕೂಸು, ನಾನು, ಮೂವರ ಇದ್ವಿ."

ಮುದುಕವ್ವ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. ತೊಟ್ಟು ಮುರಿದು ಪಕ್ಕಕ್ಕೆ ಹಾಕಿದಳು.

"ಹೋಗಿದ್ದಿಲ್ಲ," ಎಂದಳು.

ಸೌಂದರ್ಯಾ ಅತ್ತೆಯನ್ನೇ ನೋಡುತ್ತ ನಿಂತಳು. ಅಮಾವಾಸ್ಯೆಯ ಹಿಂದಿನ ದಿನ ಅತ್ತೆಯ ಚೀಲ ಹಿಡಿದುಕೊಂಡು ಹೋಗಿ, ಕೈಯಾರೆ ಗದಗಿನ ಬಸ್ಸು ಹತ್ತಿಸಿ ಬಂದವಳು ಅವಳೇ.